ಹೊರಗಿದ್ದವರ ಹಬ್ಬ: ರಾಜ್ಯೋತ್ಸವದ ಬಗ್ಗೆ ಒಂದು ಪಾಠ

ನವೆಂಬರ್ ಬಂತಂದ್ರೆ ಕ್ಯಾಂಪಸ್‌ನಲ್ಲಿ ಹಳದಿ-ಕೆಂಪು ಶಾಲು ಹುಡುಕೋ ಕೆಲಸ ಶುರುವಾಗುತ್ತದೆ. ಈ ಸಲದ ನಮ್ಮ ಪಾಠವೂ ರಾಜ್ಯೋತ್ಸವದ ಬಗ್ಗೆಯೇ. ಆದರೆ ಇಲ್ಲಿಯ ರಾಜ್ಯೋತ್ಸವ ಅಲ್ಲ. ಅಮೆರಿಕ, ಸಿಂಗಾಪುರ, ಲಂಡನ್, ಮುಂಬೈ ಕಡೆ ನೆಲೆಸಿರುವ ಕನ್ನಡದವರು ಸೇರಿ ಮಾಡುವ ರಾಜ್ಯೋತ್ಸವ.

ಅದು ನಮಗ್ಯಾಕೆ ಅಂತ ನೀವು ಕೇಳಬಹುದು. ಎರಡು ಕಾರಣ ಇವೆ. ಒಂದು, ಇನ್ನು ಮೂರ್ನಾಲ್ಕು ವರ್ಷಕ್ಕೆ ನಮ್ಮಲ್ಲಿ ಬಹಳ ಜನ ಅಲ್ಲೇ ಇರುತ್ತೇವೆ. ಎರಡು, ಆ ಹಬ್ಬದ ಬೇರು ನಮ್ಮ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯೇ ಇದೆ. ಈ ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಒಂದು ಮ್ಯಾಪ್

ಬ್ರಿಟಿಷರ ಕಾಲದ ಮ್ಯಾಪ್ ತೆಗೆದು ನಮ್ಮ ಊರುಗಳನ್ನ ಹುಡುಕೋಣ. ನವಲಗುಂದ, ಕಲಘಟಗಿ ಎರಡೂ ಧಾರವಾಡ ಜಿಲ್ಲೆ, ಆದರೆ ಮುಂಬೈ ಪ್ರಾಂತ್ಯ. ಅಣ್ಣಿಗೇರಿ ಆಗ ನವಲಗುಂದ ತಾಲೂಕಿನೊಳಗೇ ಇತ್ತು. ಕುಂದಗೋಳ ಮಾತ್ರ ಬೇರೆ. ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು. ಜಮಖಂಡಿ ಎಲ್ಲಿ, ಕುಂದಗೋಳ ಎಲ್ಲಿ! ಸುತ್ತಲೂ ಬೇರೆಯವರ ಸೀಮೆ, ನಡುವೆ ಒಂದು ತುಂಡು.

ಹಂಗೇ ಪೂರ್ವಕ್ಕೆ ಹೋದರೆ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಅದರಾಚೆ ಕೊಪ್ಪಳ ಹೈದರಾಬಾದ್ ನಿಜಾಮನದ್ದು. ತುಂಗಭದ್ರೆ ದಾಟಿ ಹಡಗಲಿಗೆ ಹೋದರೆ ಮದ್ರಾಸ್ ಪ್ರಾಂತ್ಯ. ಚಕ್ಕಡಿ ಕಟ್ಟಿಕೊಂಡು ಕೆಲವೇ ದಿನ ತಿರುಗಿದರೆ ನಾಲ್ಕೈದು ಸರಕಾರ ದಾಟಿದಂಗ ಆಗ್ತಿತ್ತು. ಸಂತೆಯಲ್ಲಿ ಎಲ್ಲರೂ ಆಡೋದು ಕನ್ನಡ, ಆದರೆ ಕಚೇರಿಯ ಕಾಗದ ಒಂದೊಂದು ಕಡೆ ಒಂದೊಂದು ಭಾಷೆ: ಇಂಗ್ಲಿಷ್, ಮರಾಠಿ, ಉರ್ದು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ನಮ್ಮ ಮುತ್ತಜ್ಜಂದಿರು ಊರು ಬಿಟ್ಟು ಎಲ್ಲೂ ಹೋಗಿರಲಿಲ್ಲ. ಆದರೂ ಅವರು 'ಹೊರಗಿನ ಕನ್ನಡಿಗ'ರೇ ಆಗಿದ್ದರು. ಕನ್ನಡದ್ದು ಅನ್ನೋ ಒಂದು ರಾಜ್ಯ ಅವರ ಪಾಲಿಗೆ ಇರಲಿಲ್ಲ.

ರಾಜ್ಯಕ್ಕಿಂತ ಮೊದಲು ಸಂಘ

ಈ ಪರಿಸ್ಥಿತಿಯಲ್ಲಿ ಜನ ಮೊದಲು ಮಾಡಿದ್ದು ಉತ್ಸವ ಅಲ್ಲ, ಶಾಲೆ. 19ನೇ ಶತಮಾನದಲ್ಲಿ ಈ ಭಾಗದ ಕನ್ನಡ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಾದ ಸ್ಥಿತಿ ಇದ್ದಾಗ, ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಆಮೇಲೆ 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಕನ್ನಡದಲ್ಲಿ ಪುಸ್ತಕ ಬರೆಸುವುದು, ಪ್ರಕಟಿಸುವುದು ಅದರ ಮುಖ್ಯ ಕೆಲಸ. 'ಸಿರಿಗನ್ನಡಂ ಗೆಲ್ಗೆ' ಅನ್ನೋ ಘೋಷಣೆ ಕೊಟ್ಟವರೂ ದೇಶಪಾಂಡೆಯವರೇ.

1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಬಂತು. ಹಂಚಿಹೋಗಿದ್ದ ಜನಕ್ಕೆ ನಮ್ಮದೂ ಒಂದು ಇತಿಹಾಸ ಇದೆ ಅಂತ ತೋರಿಸಿದ ಪುಸ್ತಕ ಅದು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಹಾಡಿದರು. ಅದೇ ಹೊತ್ತಿಗೆ ಅಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಸಮ್ಮೇಳನವೂ ನಡೆಯಿತು.

ಸ್ವಾತಂತ್ರ್ಯ ಬಂದ ಮೇಲೂ ಮ್ಯಾಪ್ ಬದಲಾಗಲು ತಡವಾಯಿತು. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಅಮರಣಾಂತ ಉಪವಾಸ ಕೂತರು. ಆಂಧ್ರಕ್ಕಾಗಿ ಉಪವಾಸ ಮಾಡಿ ಪೊಟ್ಟಿ ಶ್ರೀರಾಮುಲು ತೀರಿಹೋಗಿ ಆಗ ಕೆಲವೇ ತಿಂಗಳಾಗಿತ್ತು. ಹಾಗಾಗಿ ಹುಬ್ಬಳ್ಳಿ ಸೀಮೆಯ ಜನ ಸುಮ್ಮನೆ ಕೂರಲಿಲ್ಲ, ಬೀದಿಗಿಳಿದರು. ಅದೇ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ರಚನೆಯಾಯಿತು. 1956ರ ನವೆಂಬರ್ 1ಕ್ಕೆ ಮುಂಬೈ, ಹೈದರಾಬಾದ್, ಮದ್ರಾಸ್‌ನಲ್ಲಿದ್ದ ಕನ್ನಡ ಭಾಗಗಳು, ಕೊಡಗು ಮತ್ತು ಹಳೆ ಮೈಸೂರು ಸೇರಿ ಒಂದೇ ರಾಜ್ಯ. ಐದು ಬ್ರ್ಯಾಂಚ್‌ಗಳು ಒಮ್ಮೆಲೇ ಮರ್ಜ್ ಆದಂಗ. ಆದರೆ ಹೆಸರು ಇನ್ನೂ ಮೈಸೂರು. 'ಕರ್ನಾಟಕ' ಆಗೋಕೆ 1973ರ ನವೆಂಬರ್ 1ರ ತನಕ ಕಾಯಬೇಕಾಯಿತು.

ಈ ಮರ್ಜ್ ಪೂರ್ತಿಯೂ ಆಗಲಿಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಅಕ್ಕಲಕೋಟೆ, ಜತ್ತ ಮಹಾರಾಷ್ಟ್ರದ ಕಡೆ ಉಳಿದವು. ಅಲ್ಲಿಯ ಕನ್ನಡಿಗರಿಗೆ ನಮ್ಮ ಮುತ್ತಜ್ಜಂದಿರ ಸ್ಥಿತಿ ಇವತ್ತಿಗೂ ಹಳೆಯ ಕಥೆಯಲ್ಲ.

ದೂರ ನಿಂತು ನಾಡನ್ನ ನೆನೆಯೋದು

ಇದು 20ನೇ ಶತಮಾನದ ಹೊಸ ವಿಷಯವೂ ಅಲ್ಲ. ಆದಿಕವಿ ಪಂಪನ ತಾಯಿಯ ಮನೆತನ ನಮ್ಮ ಅಣ್ಣಿಗೇರಿಯದ್ದು. ಇದನ್ನ ಹೇಳೋದು ಅವನ ತಮ್ಮ ಜಿನವಲ್ಲಭನ ಶಾಸನ, ಮತ್ತು ಅದು ಸಿಕ್ಕಿದ್ದು ಇವತ್ತಿನ ತೆಲಂಗಾಣದಲ್ಲಿ. ಪಂಪ ಇದ್ದ ಅರಿಕೇಸರಿಯ ಆಸ್ಥಾನ ವೇಮುಲವಾಡ ಕೂಡ ತೆಲಂಗಾಣದಲ್ಲೇ ಇದೆ. ಅಲ್ಲಿ ಕೂತು ಅವನು ಬನವಾಸಿಯನ್ನ ನೆನೆದು ಬರೆದ ಪದ್ಯಗಳು ಇವತ್ತಿಗೂ ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿ ಬರುತ್ತವೆ. ಅಂದ್ರೆ ನಾವು ನಾಡಿನ ಪ್ರೀತಿಗೆ ಉದಾಹರಣೆಯಾಗಿ ಕೊಡೋ ಸಾಲುಗಳು ಹೊರಗಿದ್ದವನು ಬರೆದವು.

ಬೇರೆ ದೇಶದಲ್ಲೂ ಇಂಥದ್ದು ಕಾಣುತ್ತದೆ. ಚೆಕ್ ಮತ್ತು ಸ್ಲೋವಾಕ್ ಜನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಕೆಳಗಿದ್ದರು. ಅಮೆರಿಕಕ್ಕೆ ವಲಸೆ ಹೋದ ಅವರ ಸಂಘಗಳು 1918ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿ, ಎರಡೂ ಜನ ಒಂದೇ ರಾಷ್ಟ್ರದಲ್ಲಿ ಇರೋಣ ಅಂತ ಒಪ್ಪಂದ ಮಾಡಿಕೊಂಡವು. ನಾಯಕ ಮಸಾರಿಕ್ ಕೂಡ ಅಲ್ಲಿದ್ದರು. ಅಕ್ಟೋಬರ್ 18ಕ್ಕೆ ವಾಷಿಂಗ್ಟನ್‌ನಲ್ಲಿ ಸ್ವಾತಂತ್ರ್ಯ ಘೋಷಣೆ ಹೊರಬಂತು, 28ಕ್ಕೆ ಪ್ರಾಗ್‌ನಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿತು. 1993ರ ಜನವರಿ 1ಕ್ಕೆ ಆ ದೇಶ ಜಗಳವಿಲ್ಲದೆ ಎರಡಾಯಿತು. ಆದರೂ ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಇಬ್ಬರಿಗೂ ಸೇರಿ ಒಂದೇ ಮ್ಯೂಸಿಯಂ, ಒಂದೇ ಗ್ರಂಥಾಲಯ ಇದೆ. ಸರಕಾರ ಬದಲಾದರೂ ಸಂಘ ಉಳಿಯುತ್ತದೆ ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ.

ನಮ್ಮಲ್ಲೂ ಹಂಗೇ ನೋಡ್ರಿ. ಮುಂಬೈಯ ಮೈಸೂರು ಅಸೋಸಿಯೇಷನ್ ಶುರುವಾಗಿದ್ದು 1926ರಲ್ಲಿ, ಏಕೀಕರಣಕ್ಕಿಂತ 30 ವರ್ಷ ಮೊದಲು. ರಾಜ್ಯದ ಹೆಸರು ಬದಲಾದರೂ ಅದು ಹಳೆ ಹೆಸರಿನಲ್ಲೇ ಇದೆ.

ಕನ್ನಡ ಕೂಟ ಹೇಗೆ ನಡೆಯುತ್ತದೆ

ಈಗ ವಿದೇಶಕ್ಕೆ ಬರೋಣ. ಅಮೆರಿಕದ ಬೇರೆ ಬೇರೆ ಊರಿನ ಕನ್ನಡ ಕೂಟಗಳು ಸೇರಿ 1998ರಲ್ಲಿ 'ಅಕ್ಕ' ಆಯಿತು. ಅದರ ಮೊದಲ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ನಡೆಯಿತು. ಸಿಂಗಾಪುರದಲ್ಲಿ 1996ರಿಂದ ಕನ್ನಡ ಸಂಘ ಇದೆ. ಲಂಡನ್‌ನ ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ.

ದೊಡ್ಡ ಸಮ್ಮೇಳನ ಬಿಡಿ, ಸಣ್ಣ ಕೂಟದ ಕೆಲಸ ನೋಡೋಣ. ಅಲ್ಲಿ ನವೆಂಬರ್ 1ಕ್ಕೆ ರಜೆ ಇಲ್ಲ. ಹಾಗಾಗಿ ಹಬ್ಬ ಶನಿವಾರಕ್ಕೋ ಭಾನುವಾರಕ್ಕೋ ಸರಿಯುತ್ತದೆ, ಬಹಳ ಕಡೆ ದೀಪಾವಳಿ ಜೊತೆ ಸೇರಿಕೊಳ್ಳುತ್ತದೆ. ಸದಸ್ಯರ ಚಂದಾ ಹಣದಲ್ಲಿ ಹಾಲ್ ಬಾಡಿಗೆ. ಮಕ್ಕಳ ಡ್ಯಾನ್ಸ್, ನಾಟಕ, ಊಟ. ನಮ್ಮ ಕಾಲೇಜ್ ಡೇಗೂ ಅದಕ್ಕೂ ಭಾಳ ಫರಕ್ ಇಲ್ಲ ಅನ್ನಿಸಬಹುದು.

ಫರಕ್ ಇರೋದು ಉಳಿದ ದಿನಗಳಲ್ಲಿ. ಹಲವು ಕೂಟಗಳು ವಾರಾಂತ್ಯಕ್ಕೆ ಮಕ್ಕಳಿಗೆ ಕನ್ನಡ ಕ್ಲಾಸ್ ನಡೆಸುತ್ತವೆ. ಕಲಿಸೋರು ಸಂಬಳದ ಮಾಸ್ತರ ಅಲ್ಲ, ಸಾಫ್ಟ್‌ವೇರ್ ಕೆಲಸ ಮಾಡೋ ಅಪ್ಪ-ಅಮ್ಮಂದಿರೇ. ಯಾಕೆಂದರೆ ಅವರಿಗೆ ಒಂದು ವಿಷಯ ಖಚಿತವಾಗಿ ಗೊತ್ತು: ತಾವು ಕಲಿಸದಿದ್ದರೆ ಕನ್ನಡ ತಮ್ಮ ಮನೆಯಲ್ಲಿ ತಮಗೇ ಮುಗಿಯುತ್ತದೆ.

1890ರ ಧಾರವಾಡದವರಿಗೂ ಇದೇ ಗೊತ್ತಿತ್ತು. ಅದಕ್ಕೇ ಅವರು ಮೊದಲು ಶಾಲೆ, ಪುಸ್ತಕ ಅಂದರು, ಧ್ವಜ ಆಮೇಲೆ ಬಂತು.

ಹಾಗಾದರೆ ನಾವು?

ಇಲ್ಲಿ ಪಾಠದ ಮುಖ್ಯ ಮಾತು ಬರುತ್ತದೆ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಮೆಸೇಜ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತೇವೆ. ಶಾಲೆಯಲ್ಲಿ ಕನ್ನಡ ಒಂದು ಸಬ್ಜೆಕ್ಟ್, ಇಂಜಿನಿಯರಿಂಗ್‌ನಲ್ಲಿ ಒಂದು ಕ್ರೆಡಿಟ್. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮುಚ್ಚುತ್ತೇವೆ. ಕಲಘಟಗಿಯ ಕಾನ್ವೆಂಟ್ ಮಗುವಿಗೂ ನ್ಯೂಜೆರ್ಸಿಯ ಮಗುವಿಗೂ ಕಷ್ಟ ಹೆಚ್ಚುಕಡಿಮೆ ಒಂದೇ ಆಗುತ್ತಿದೆ: ಮಾತು ಬರುತ್ತದೆ, ಒಂದು ಪುಟ ಓದು ಅಂದರೆ ತಡವರಿಸುತ್ತದೆ. ಆದರೆ ನ್ಯೂಜೆರ್ಸಿಯ ಮಗುವಿಗೆ ಭಾನುವಾರದ ಕ್ಲಾಸ್ ಇದೆ. ಕಲಘಟಗಿಯ ಮಗುವಿಗೆ ಇಲ್ಲ, ಯಾಕೆಂದರೆ 'ಇಲ್ಲಿ ಕನ್ನಡ ತಾನೇ ಬರ್ತದ' ಅಂತ ಎಲ್ಲರೂ ತಿಳಿದಿದ್ದೇವೆ.

ರಾಜ್ಯೋತ್ಸವವನ್ನ ಸಾಧ್ಯ ಮಾಡಿದ್ದು ಹೊರಗಿದ್ದವರ ಆತಂಕ. ಒಳಗಿರೋ ನಮಗೆ ಆ ಆತಂಕ ಇಲ್ಲದಿರೋದೇ ಈಗಿನ ತೊಂದರೆ. ಇದಕ್ಕೆ ದೊಡ್ಡ ಭಾಷಣ ಬೇಡ, ಸಣ್ಣ ಕೆಲಸ ಸಾಕು. ವಾರಕ್ಕೊಮ್ಮೆ ಊರಿಗೆ ಹೋಗೋರು ಓಣಿಯ ನಾಲ್ಕು ಮಕ್ಕಳನ್ನ ಕೂರಿಸಿ ಒಂದು ಕಥೆ ಓದಿಸಿದರೆ ಅದೇ ಒಂದು ಕೂಟ. ಕ್ಯಾಂಪಸ್‌ನಲ್ಲಿ 'ಬಳಕೆ ಕನ್ನಡ' ಪೇಪರ್ ಬರೆಯೋ ಬೇರೆ ರಾಜ್ಯದ ಫ್ರೆಂಡ್ಸ್‌ಗೆ ಪರೀಕ್ಷೆ ಮುಗಿದ ಮೇಲೂ ಕನ್ನಡದಲ್ಲೇ ಮಾತಾಡಿಸಿದರೆ ಅದೂ ಕೂಟವೇ. ನಾಳೆ ಪುಣೆಗೋ ಡಲ್ಲಾಸ್‌ಗೋ ಹೋದಾಗ ಅಲ್ಲಿಯ ಕೂಟಕ್ಕೆ ಊಟಕ್ಕಷ್ಟೇ ಅಲ್ಲ, ಕಲಿಸೋಕೂ ಹೋಗಬಹುದು.

ಚರ್ಚೆಗೆ ಮೂರು ಪ್ರಶ್ನೆ

1. 1947ಕ್ಕಿಂತ ಮೊದಲು ನಿಮ್ಮ ಊರು ಯಾವ ಪ್ರಾಂತ್ಯ ಅಥವಾ ಯಾವ ಸಂಸ್ಥಾನದಲ್ಲಿತ್ತು? ಮನೆಯ ಹಿರಿಯರನ್ನ ಕೇಳಿ, ಹಳೆ ಹೊಲದ ಕಾಗದ ಇದ್ದರೆ ಯಾವ ಭಾಷೆಯಲ್ಲಿದೆ ನೋಡಿ.
2. ರಾಜ್ಯ ಇಲ್ಲದೆ ಭಾಷೆ ಉಳಿಯಬಹುದೇ? ರಾಜ್ಯ ಇದ್ದೂ ಭಾಷೆ ಸೊರಗಬಹುದೇ? ಎರಡಕ್ಕೂ ಒಂದೊಂದು ಉದಾಹರಣೆ ಕೊಡಿ.
3. ಈ ವರ್ಷ ನಮ್ಮ ರಾಜ್ಯೋತ್ಸವದ ಬಜೆಟ್‌ನಲ್ಲಿ ಡಿಜೆಗೆ ಎಷ್ಟು, ಪುಸ್ತಕಕ್ಕೆ ಎಷ್ಟು?

ಮೂರನೆಯದರ ಉತ್ತರ ತಗೊಂಡು ಮುಂದಿನ ಕ್ಲಬ್ ಮೀಟಿಂಗ್‌ಗೆ ಬನ್ನಿ. ಅಲ್ಲೇ ಕೂತು ಲೆಕ್ಕ ಹಾಕೋಣ.