ಸಾಮಾಜಿಕ ನಾವೀನ್ಯದ ಕಲಿಕೆ: ಹೆಗ್ಗೋಡಿನಿಂದ ಆರಂಭಿಸುವ ಬಗೆ

ಒಂದು ಸಮುದಾಯವು ತನ್ನ ಕೊರತೆಯನ್ನು ನೀಗಿಸಿಕೊಳ್ಳಲು ದುಡಿಮೆಯನ್ನೋ ಹಂಚಿಕೆಯನ್ನೋ ಹೊಸ ರೀತಿಯಲ್ಲಿ ಸಂಘಟಿಸಿ, ಅದರ ಫಲ ಸಮುದಾಯಕ್ಕೇ ಸಲ್ಲುವಂತೆ ಮಾಡುವುದನ್ನು ಸಾಮಾಜಿಕ ನಾವೀನ್ಯವೆಂದು ಕರೆಯಲಾಗುತ್ತದೆ. ಇದನ್ನು ಕಲಿಯಬಯಸುವ ಮಾಸ್ತಿಕಟ್ಟೆ, ಹೊಸನಗರ, ತೀರ್ಥಹಳ್ಳಿಗಳ ಪದವಿ ವಿದ್ಯಾರ್ಥಿಗಳು ದೂರದ ನಗರಗಳಿಗೆ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, ಅದೇ ಪರಿಸರದ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ರೂಪುಗೊಂಡ, ಕೈಮಗ್ಗದ ಬಟ್ಟೆ ತಯಾರಿಸುವ ಚರಕ ಮಹಿಳಾ ಸಹಕಾರ ಸಂಘ, ಇವೆರಡೂ ಹತ್ತಿರದಲ್ಲೇ ಇವೆ.

ಮೊದಲ ಹೆಜ್ಜೆಯಾಗಿ ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ಅಡಿಕೆ ಸುಗ್ಗಿಯಲ್ಲಿ ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಚರಕವು ಈ ಚೊಗರನ್ನು ಕೈಮಗ್ಗದ ನೂಲಿಗೆ ಬಣ್ಣವಾಗಿ ಬಳಸಿದ್ದರಿಂದ, ತೋಟದ ಉಪೋತ್ಪನ್ನವೊಂದು ಗ್ರಾಮೀಣ ಮಹಿಳೆಯರ ಉದ್ಯೋಗದೊಂದಿಗೆ ಬೆಸೆದುಕೊಂಡಿತು. ಈ ಬೆಸುಗೆ ಹೇಗೆ ಸಾಧ್ಯವಾಯಿತೆಂಬುದೇ ಒಂದು ಪೂರ್ಣ ಅಧ್ಯಯನಕ್ಕೆ ಸಾಕಾಗುವಷ್ಟು ದೊಡ್ಡ ಪ್ರಶ್ನೆಯಾಗಿದೆ.

ಎರಡನೆಯದಾಗಿ, ಕಾಲೇಜಿನ ಮೂಲಕ ಮೊದಲೇ ಪತ್ರ ಬರೆದು ಅನುಮತಿ ಪಡೆದು, ಚೊಗರು ಸಿಗುವ ಸುಗ್ಗಿಯ ದಿನಗಳಲ್ಲೇ ಚರಕಕ್ಕೆ ಭೇಟಿ ನೀಡುವುದು ಒಳ್ಳೆಯದು; ಕೆಲಸಗಾರರ ಸಮಯ ಅವರ ಕೂಲಿಯ ಸಮಯವಾದುದರಿಂದ, ಮಾತುಕತೆಗೆ ಅವರ ಬಿಡುವನ್ನೇ ಕಾಯಬೇಕು.

ಮೂರನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಅತಿ ಹೆಚ್ಚು ಕಡೆಗಣಿಸಲ್ಪಡುವುದೂ ಅದೇ: ಲೆಕ್ಕ. ಚರಕದ ಒಂದು ಅಂಗಿಯ ಬೆಲೆಯಲ್ಲಿ ನೂಲು, ಬಣ್ಣ, ನೇಯ್ಗೆ, ಹೊಲಿಗೆ, ಸಾಗಣೆ ಮತ್ತು ಅಂಗಡಿಗೆ ಎಷ್ಟೆಷ್ಟು ಪಾಲು ಸಲ್ಲುತ್ತದೆಂದು ಕೇಳಿ ಬರೆದುಕೊಳ್ಳದೆ, ಆದರ್ಶವನ್ನಷ್ಟೇ ಕೊಂಡಾಡುವ ವರದಿಯಿಂದ ಯಾರಿಗೂ ಪ್ರಯೋಜನವಿಲ್ಲ. ಸದಸ್ಯರೇ ಒಡೆಯರಾಗಿ ತಲಾ ಒಂದು ಮತದ ಹಕ್ಕಿನಿಂದ ನಡೆಸುವ ಸಂಸ್ಥೆಯೇ ಸಹಕಾರ ಸಂಘವಾದುದರಿಂದ, ತೀರ್ಮಾನಗಳು ಯಾವ ಸಭೆಯಲ್ಲಿ ಹೇಗೆ ಆಗುತ್ತವೆಂಬುದನ್ನೂ ವಿಚಾರಿಸಬೇಕು. ಚರಕವು 2020ರಲ್ಲಿ ತೀವ್ರ ಆರ್ಥಿಕ ಸಂಕಟಕ್ಕೆ ಸಿಲುಕಿತ್ತು. ಮಾರುಕಟ್ಟೆ, ಸಾಲ ಮತ್ತು ಸರ್ಕಾರಿ ನೆರವುಗಳ ಮೇಲೆ ಇಂಥ ಸಂಸ್ಥೆಗಳು ಎಷ್ಟು ಅವಲಂಬಿತವೆಂಬುದು ಯಶಸ್ಸಿನ ಕಾಲಕ್ಕಿಂತ ಅಂಥ ಸಂಕಟದ ಕಾಲದಲ್ಲೇ ಸ್ಪಷ್ಟವಾಗಿ ತಿಳಿಯುತ್ತದೆ.

ಬರೆದ ವರದಿಯನ್ನು ಅಧ್ಯಾಪಕರಿಗೆ ಒಪ್ಪಿಸುವ ಮೊದಲು, ಮಾಹಿತಿ ಕೊಟ್ಟವರ ಮುಂದೆ ಕನ್ನಡದಲ್ಲೇ ಓದಿ ತಿದ್ದುಪಡಿ ಕೇಳುವುದು ನಾಲ್ಕನೆಯ ಹೆಜ್ಜೆ.

ಇಷ್ಟಾದ ಮೇಲೆ ಸ್ವಂತ ಪ್ರಯೋಗಕ್ಕೆ ಇಳಿಯಬಹುದು. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರವನ್ನು ಇದಕ್ಕೆ ಬಳಸಿಕೊಳ್ಳಲು ಸಾಧ್ಯವಿದೆ. ಆದರೆ ವಿದ್ಯಾರ್ಥಿಗಳು ಊರು ಬಿಟ್ಟ ನಂತರ ಕೆಲಸ ಮುಂದುವರಿಸುವವರು ಯಾರು, ಲೆಕ್ಕದ ಪುಸ್ತಕ ಯಾರ ಬಳಿ ಇರುತ್ತದೆ ಎಂಬುದನ್ನು ಶಿಬಿರದ ಮೊದಲ ದಿನವೇ ಗ್ರಾಮಸ್ಥರೊಂದಿಗೆ ಕುಳಿತು ನಿಶ್ಚಯಿಸಿಕೊಳ್ಳಬೇಕು.