ತಂತ್ರಾಂಶದ ಹಳೆಯ ಪದಗಳು ಮತ್ತು ವರ್ತಕರ ಲೆಕ್ಕಪತ್ರ

ಗೋಣಿಕೊಪ್ಪಲಿನ ಕಾಳುಮೆಣಸು ವರ್ತಕರೊಬ್ಬರ ಲೆಕ್ಕಪತ್ರಗಳು ಮೈಎಸ್‌ಕ್ಯೂಎಲ್ ಎಂಬ ಮುಕ್ತ ಆಕರ ತಂತ್ರಾಂಶದಲ್ಲಿವೆಯೆಂದು ಭಾವಿಸಬಹುದು. ಮೂಲ ದತ್ತಾಂಶವು ಅಂಗಡಿಯ ಗಣಕಯಂತ್ರದಲ್ಲಿ. ಅದರ ಪ್ರತಿಯು ಮೈಸೂರಿನ ಇನ್ನೊಂದು ಯಂತ್ರದಲ್ಲಿ. ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬುವಂತಿಲ್ಲದ ಊರಿಗೆ ಇದು ಅವಶ್ಯಕ ಏರ್ಪಾಡು. ಹಳೆಯ ಪರಿಭಾಷೆಯಲ್ಲಿ ಈ ಎರಡಕ್ಕೆ ‘ಮಾಸ್ಟರ್’ ಮತ್ತು ‘ಸ್ಲೇವ್’, ಅಂದರೆ ಒಡೆಯ ಮತ್ತು ಗುಲಾಮ, ಎಂಬ ಹೆಸರುಗಳಿದ್ದವು.

ಈ ಪದಗಳಿಗೆ ಆಕ್ಷೇಪ ಹೊಸದಲ್ಲ. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯು 2003ರಲ್ಲಿಯೇ ಇವನ್ನು ಬಳಸದಂತೆ ತನ್ನ ಸರಬರಾಜುದಾರರನ್ನು ಕೋರಿತ್ತು. 2014ರಲ್ಲಿ ಜಾಂಗೋ, 2018ರಲ್ಲಿ ಪೈಥಾನ್, 2020ರಲ್ಲಿ ಲಿನಕ್ಸ್ ಈ ದಾರಿ ಹಿಡಿದವು. ಇವು ತಾಂತ್ರಿಕ ಸಂಜ್ಞೆಗಳು ಮಾತ್ರ, ಯಾರನ್ನೂ ನೋಯಿಸುವುದಿಲ್ಲ ಎಂಬುದು ವಿರೋಧಿಗಳ ವಾದ. ಜೀತವನ್ನು ಕಂಡ ಯರವ ಕುಟುಂಬಗಳಿರುವ, 1976ರ ಕಾಯ್ದೆಯ ಅಗತ್ಯವನ್ನು ಬಲ್ಲ ದಕ್ಷಿಣ ಕೊಡಗಿನಲ್ಲಿ ಈ ವಾದ ಸುಲಭವಾಗಿ ಒಪ್ಪಿಗೆಯಾಗದು. ಆದರೆ ಲೆಕ್ಕದ ತಂತ್ರಾಂಶದಲ್ಲಿನ ‘ಲೆಡ್ಜರ್ ಮಾಸ್ಟರ್’ಗೆ ಗುಲಾಮನಿಲ್ಲ, ಅದು ಮೂಲ ದಾಖಲೆ ಎಂಬರ್ಥದ ಪದ. ಅದನ್ನೂ ಬದಲಿಸಬೇಕೆಂಬುದು ಅತಿಯಾದೀತು.

ವರ್ತಕರಿಗೆ ಮುಖ್ಯವಾದುದು ಬದಲಾವಣೆಯ ರೀತಿ. 2011ರ ಏಪ್ರಿಲ್ 1ರಿಂದ ಆರಂಭವಾದ ಲೆಕ್ಕಪತ್ರ ವರ್ಷಗಳಿಗೆ ಪರಿಷ್ಕೃತ ಆರನೆಯ ಅನುಸೂಚಿ ಅನ್ವಯಿಸಿದಾಗ ಕಂಪೆನಿಗಳ ಆಸ್ತಿ-ಹೊಣೆ ಪಟ್ಟಿಯಲ್ಲಿ ‘ಸಂಡ್ರಿ ಡೆಟರ್ಸ್’ ಹೋಗಿ ‘ಟ್ರೇಡ್ ರಿಸೀವಬಲ್ಸ್’ ಬಂದಿತು. ಹಿಂದಿನ ವರ್ಷದ ಅಂಕಿಗಳನ್ನೂ ಹೊಸ ಶೀರ್ಷಿಕೆಯಡಿ ಮರುವಿಂಗಡಿಸಿದ್ದರಿಂದ ಹೋಲಿಕೆ ಕೆಡಲಿಲ್ಲ. ಲಿನಕ್ಸ್ ನಿಯಮವೂ ಇಂತಹುದೇ: ಹೊಸದಾಗಿ ಹಳೆಯ ಪದ ಬೇಡ; ಆದರೆ ಹೊರಗಿನ ಬಳಕೆದಾರರು ಅವಲಂಬಿಸಿರುವ ಹೆಸರುಗಳನ್ನು ಉಳಿಸಬಹುದು.

ಮೈಎಸ್‌ಕ್ಯೂಎಲ್ 2020ರ 8.0.22 ಆವೃತ್ತಿಯಲ್ಲಿ ‘ಶೋ ರೆಪ್ಲಿಕಾ ಸ್ಟೇಟಸ್’ ಎಂಬ ಹೊಸ ಆಜ್ಞೆ ನೀಡಿ, ‘ಶೋ ಸ್ಲೇವ್ ಸ್ಟೇಟಸ್’ ಎಂಬ ಹಳೆಯದನ್ನೂ ಕೆಲಕಾಲ ಇರಿಸಿಕೊಂಡಿತು. 2024ರ 8.4 ಆವೃತ್ತಿಯಲ್ಲಿ ಹಳೆಯದನ್ನು ತೆಗೆದುಹಾಕಿತು. ತೊಡಕು ಇಲ್ಲಿದೆ. ರಾತ್ರಿ ಪ್ರತಿಯ ಸ್ಥಿತಿಯನ್ನು ಪರೀಕ್ಷಿಸುವ ಸಣ್ಣ ಕಾರ್ಯಸೂಚಿಯಲ್ಲಿ ಹಳೆಯ ಆಜ್ಞೆಯಿದ್ದರೆ, ಉನ್ನತೀಕರಣದ ನಂತರ ಪರೀಕ್ಷೆಯೇ ನಡೆಯದು. ಮುಂದೊಂದು ದಿನ ಮೈಸೂರಿನ ಪ್ರತಿ ನಿಂತರೂ ಮಾಲೀಕರಿಗೆ ಎಚ್ಚರಿಕೆ ಬಾರದಿರಬಹುದು. ಕಂಪೆನಿಗಳಿಗಂತೂ 2022ರ ಆಗಸ್ಟ್‌ನ ತಿದ್ದುಪಡಿಯಂತೆ ಭಾರತದಲ್ಲಿರುವ ಸರ್ವರ್‌ನಲ್ಲಿ ದೈನಂದಿನ ಪ್ರತಿ ಕಡ್ಡಾಯ.

ಆದುದರಿಂದ ಉನ್ನತೀಕರಣಕ್ಕೆ ಮುನ್ನ ಎಲ್ಲ ಕಾರ್ಯಸೂಚಿಗಳಲ್ಲಿ ಹಳೆಯ ಪದವನ್ನು ಹುಡುಕಿಸುವುದು ಒಳಿತು. ವಾರ್ಷಿಕ ನಿರ್ವಹಣಾ ಕರಾರಿನಲ್ಲಿಯೇ ಇದನ್ನು ಬರೆಯಿಸಿಕೊಂಡರೆ ಉತ್ತಮ. ಕೆಲಸ ಮುಗಿದ ಬಳಿಕ ಪ್ರತಿಯಾಗುವಿಕೆಯನ್ನು ಒಮ್ಮೆ ಬೇಕೆಂದೇ ನಿಲ್ಲಿಸಿ, ಎಚ್ಚರಿಕೆಯ ಸಂದೇಶ ಬರುವುದೇ ಎಂದು ಮಾಲೀಕರು ಸ್ವತಃ ನೋಡತಕ್ಕದ್ದು.