ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕು, ಮಗಾ

ಸಂಕ್ರಾಂತಿ ರಜೆಗೆ ಹೆಂಡತಿ ಮಕ್ಕಳ ಜೊತೆ ಬಡವನಹಳ್ಳಿಗೆ ಬರುತ್ತೇನೆ, ಮನೆಯಲ್ಲಿ ಮಲಗಲ್ಲ, ಹೊಲದಲ್ಲೇ ಟೆಂಟ್ ಹಾಕಿ, ಕಾರಿನಿಂದಲೇ ಗಾಳಿ ಹಾಸಿಗೆ ತುಂಬಿಸಿಕೊಳ್ಳುತ್ತೇನೆ ಅಂದೆಯಲ್ಲ, ಕೇಳಿ ಸಂತೋಷವಾಯಿತು. ಕಡಲೆಕಾಯಿ ಕಿತ್ತು ಹೊಲ ಖಾಲಿ ಬಿದ್ದಿದೆ. ಮಕ್ಕಳು ಕಣ್ತುಂಬ ನಕ್ಷತ್ರ ನೋಡಲಿ. ನಲವತ್ತು ವರ್ಷ ಲಾರಿ ಓಡಿಸಿ, ಎಷ್ಟೋ ರಾತ್ರಿ ರಸ್ತೆ ಪಕ್ಕದಲ್ಲೇ ಮಲಗೆದ್ದವನು ನಾನು. ನಾಲ್ಕು ಮಾತು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊ.

ಹಿಂದೊಮ್ಮೆ ಪಾವಗಡದ ದಾರಿಯಲ್ಲಿ ರಾತ್ರಿ ಲಾರಿ ನಿಲ್ಲಿಸಿ, ಕ್ಯಾಬಿನ್ ಲೈಟು, ಟೇಪ್ ರೆಕಾರ್ಡರ್ ಎರಡನ್ನೂ ಆರಿಸದೆ ನಿದ್ದೆ ಹೋದೆ. ನಡುರಾತ್ರಿ ಕ್ಲೀನರ್ ಹುಡುಗನಿಗೆ ಚೇಳು ಕುಟುಕಿತು. ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಬೇರೆ ಲಾರಿ ಬರುವವರೆಗೆ ಆ ಹುಡುಗ ನನ್ನ ತೋಳು ಹಿಡಿದು ನರಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಅವತ್ತಿನಿಂದ ನನಗೆ ಒಂದೇ ನೇಮ: ಎಲ್ಲೇ ಮಲಗಲಿ, ಕರೆದ ಕೂಡಲೇ ಗಾಡಿ ಏಳಬೇಕು. ನಿನ್ನ ಕಾರು ಹಾಸಿಗೆಗೆ ಗಾಳಿ ಕೊಡುವುದು ಆಮೇಲಿನ ಮಾತು. ಅಪರಾತ್ರಿಯಲ್ಲಿ ಮಗುವನ್ನು ಮಧುಗಿರಿ ಆಸ್ಪತ್ರೆಗೆ ಮುಟ್ಟಿಸುವುದು ಅದೇ.

ಹಾಸಿಗೆಗೆ ಅಂತಲೇ ಬರುವ 12 ವೋಲ್ಟಿನ ಪಂಪು ತಗೊ. ಟೈರಿಗೆ ಗಾಳಿ ಹಿಡಿಯುವ ಕಂಪ್ರೆಸರ್ ಇದಕ್ಕೆ ಆಗಿಬರುವುದಿಲ್ಲ. ಅದು ಸ್ವಲ್ಪ ಗಾಳಿಯನ್ನು ಬಿಗಿಯಾಗಿ ಒತ್ತುವ ಯಂತ್ರ. ಟೈರಿಗೆ 30 ಪಿ.ಎಸ್.ಐ. ದಾಟಿದ ಒತ್ತಡ ಬೇಕು, ಹಾಸಿಗೆಗೆ 1 ಕೂಡ ಬೇಡ. ಹಾಸಿಗೆಗೆ ಬೇಕಾದದ್ದು ರಾಶಿ ಗಾಳಿ. ಇಬ್ಬರು ಮಲಗುವ ಹಾಸಿಗೆಯಲ್ಲಿ ಐನೂರು ಲೀಟರಿನಷ್ಟು ಹಿಡಿಯುತ್ತದೆ. ಕಂಪ್ರೆಸರ್ ಅರ್ಧ ಗಂಟೆ ಅರಚಿ ಕಾದುಹೋಗುತ್ತದೆ. ಹಾಸಿಗೆ ಪಂಪು ಮೂರ್ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ.

ಪಂಪಿನಿಂದ ಬ್ಯಾಟರಿ ಇಳಿದುಹೋಗುತ್ತದೆ ಅಂತ ಹೆದರಬೇಡ. ಅದು 10 ಆಂಪಿಯರ್ ಎಳೆದರೂ ಮೂರು ನಿಮಿಷಕ್ಕೆ ಅರ್ಧ ಆಂಪಿಯರ್-ಅವರ್ ಖರ್ಚು. ಸಣ್ಣ ಕಾರಿನ ಬ್ಯಾಟರಿಯಲ್ಲೂ 35ರ ಆಸುಪಾಸು ಇರುತ್ತದೆ. ಇಂಜಿನ್ ಹಾಕುವ ಅಗತ್ಯವೇ ಇಲ್ಲ. ಬ್ಯಾಟರಿಯನ್ನು ಕುಡಿದುಹಾಕುವುದು ಆಮೇಲಿನದು: ತೆರೆದಿಟ್ಟ ಡಿಕ್ಕಿಯ ದೀಪ, ಹಾಡು, ಸಾಕೆಟ್ಟಿನಲ್ಲೇ ಮರೆತ ಚಾರ್ಜರು. ಗಾಳಿ ತುಂಬಿದ ಕೂಡಲೇ ವೈರು ಕಿತ್ತು, ಕೀ ತೆಗೆದು ಜೇಬಿಗೆ ಹಾಕಿಕೊ. ಸಾಕೆಟ್ಟಿನ ಫ್ಯೂಸು ಹೋದರೆ ಅಷ್ಟೇ ಆಂಪಿಯರಿನ ಫ್ಯೂಸು ಹಾಕು. ತಂತಿ ಸುತ್ತಿದರೆ ವೈರಿಂಗ್ ಸುಡುತ್ತದೆ. ಕಾಲಲ್ಲಿ ತುಳಿಯುವ ಪಂಪೂ ಒಂದಿರಲಿ.

ಆಮೇಲೆ ಕಾರನ್ನು ಟೆಂಟಿನಿಂದ ದೂರ ಒಯ್ದು, ಮೂತಿ ರಸ್ತೆ ಕಡೆ ಮಾಡಿ ನಿಲ್ಲಿಸು. ಚಳಿ ಅಂತ ಇಂಜಿನ್ ಹಾಕಿಕೊಂಡು ಕಾರೊಳಗೆ ಮಲಗಬೇಡ, ಟೆಂಟಿನೊಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಡ. ಹೊಗೆ ಕಾಣುತ್ತದೆ, ಕಾರ್ಬನ್ ಮೊನಾಕ್ಸೈಡ್ ಕಾಣುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ಮಲಗಿದವರನ್ನು ಮಲಗಿದಂತೆಯೇ ಕೊಂದುಬಿಡುತ್ತದೆ.

ಇನ್ನು ನೆಲ. ನಮ್ಮ ಸೀಮೆಯ ಮುಳ್ಳು ನಿನಗೆ ಗೊತ್ತು. ಬದುವಿನಲ್ಲಿ ಬಳ್ಳಾರಿ ಜಾಲಿ, ಹೊಲದೊಳಗೆ ನೆಗ್ಗಿಲು. ನೆಗ್ಗಿಲು ಮಣ್ಣಿನ ಬಣ್ಣಕ್ಕೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹಳೇ ಗೋಣಿಚೀಲ ತಗೊಂಡು, ಮೇಲೆ ಒಂದು ಕಲ್ಲಿಟ್ಟು, ಟೆಂಟ್ ಹಾಕುವ ಜಾಗದಲ್ಲಿ ಅಡ್ಡಡ್ಡ ಉದ್ದುದ್ದ ಎಳೆ. ಮಗುಚಿ ನೋಡು, ನಾರಿಗೆ ನೆಗ್ಗಿಲು ಕಚ್ಚಿಕೊಂಡಿರುತ್ತದೆ. ಕೊಡವಿ ಮತ್ತೆ ಎಳೆ. ಚೀಲ ಬರಿದಾಗಿ ಬಂದಮೇಲೆ ಟಾರ್ಪಾಲು ಹಾಸು. ಹುತ್ತದ ಹತ್ತಿರ ಜಾಗ ಹಿಡಿಯಬೇಡ. ಅಲ್ಲಿ ಹಾವಿರಬಹುದು, ಗೆದ್ದಲು ತಿನ್ನಲು ಕರಡಿ ಬರಬಹುದು. ಬೆಟ್ಟದ ಬುಡ ಬೇಡವೇ ಬೇಡ. ಉಂಡ ತಟ್ಟೆ, ಮಿಕ್ಕ ಮುದ್ದೆ ಟೆಂಟಿನ ಸುತ್ತ ಇರಬಾರದು.

ಮೈದನಹಳ್ಳಿಯ ಕೃಷ್ಣಮೃಗಗಳನ್ನು ಮಕ್ಕಳಿಗೆ ತೋರಿಸಲೇಬೇಕು. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ 798 ಎಕರೆ ಹುಲ್ಲುಗಾವಲು ಅದು. ಹಗಲು ನೋಡಿಕೊಂಡು ವಾಪಸ್ ಬಾ. ಅದು ಅವುಗಳ ಮನೆ, ನಾವು ಟೆಂಟ್ ಹಾಕುವ ಜಾಗವಲ್ಲ. ಮಲಗಲು ನಮ್ಮ ಹೊಲ ಇದೆ.

ಹಾಸಿಗೆಯನ್ನು ಬೆಂಗಳೂರಿನಲ್ಲೇ ತುಂಬಿ ಒಂದು ರಾತ್ರಿ ಇಟ್ಟು ನೋಡು. ಹೊಸ ಪ್ಲಾಸ್ಟಿಕ್ಕು ಮೊದಲ ರಾತ್ರಿ ಹಿಗ್ಗುತ್ತದೆ, ಮೆತ್ತಗಾದರೆ ತೂತು ಅಂತ ಗಾಬರಿಯಾಗಬೇಡ. ಅನುಮಾನವಿದ್ದರೆ ಸೋಪಿನ ನೀರು ಸವರು. ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ಸೈಕಲ್ ಟ್ಯೂಬಿನ ಸಲ್ಯೂಷನ್ ಈ ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯುವುದಿಲ್ಲ, ಹಾಸಿಗೆ ಜೊತೆ ಕೊಟ್ಟ ತೇಪೆಯನ್ನೇ ಹಚ್ಚು. ಇಲ್ಲಿ ಸಂಜೆಯ ಬೆಚ್ಚನೆ ಗಾಳಿ ಬೆಳಗಿನ ಜಾವದ ಚಳಿಗೆ ನೂರಕ್ಕೆ ಐದು ಪಾಲಿನಷ್ಟು ಕುಗ್ಗುತ್ತದೆ. ಮಲಗುವ ಮುಂಚೆ ಒಮ್ಮೆ ಒತ್ತಿ ನೋಡಿ, ಬೇಕಾದರೆ ತುಳಿಯುವ ಪಂಪಿನಿಂದ ನಾಲ್ಕು ಒತ್ತು ಕೊಡು. ಬಿಸಿಲೇರುವ ಹೊತ್ತಿಗೆ ಸ್ವಲ್ಪ ಗಾಳಿ ಬಿಡು, ಇಲ್ಲದಿದ್ದರೆ ಬೆಸುಗೆ ಬಿಟ್ಟುಕೊಳ್ಳಬಹುದು.

ಗಾಳಿ ಹಾಸಿಗೆ ಮೆತ್ತಗಿರುತ್ತದೆ, ಬೆಚ್ಚಗಿರುವುದಿಲ್ಲ. ಒಳಗಿನ ಗಾಳಿ ನೆಲದ ತಂಪನ್ನು ಬೆನ್ನಿಗೆ ಮುಟ್ಟಿಸುತ್ತದೆ. ನಮ್ಮ ಕುರಿಗಾಹಿಗಳು ಬರೀ ನೆಲದಲ್ಲಿ ಕಂಬಳಿ ಹಾಸಿ ಬೆಚ್ಚಗೆ ಮಲಗುವುದನ್ನು ನೀನೇ ನೋಡಿದ್ದೀಯ. ಮನೆಯಲ್ಲಿ ಎರಡು ಕರಿ ಕಂಬಳಿ ಇವೆ. ಹೊದೆಯುವ ಮೊದಲು ಅವನ್ನು ಹಾಸಿಗೆ ಮೇಲೆ ಹಾಸಿಕೊಳ್ಳಿ.

ಆರೂಕಾಲಕ್ಕೆಲ್ಲ ಹೊತ್ತು ಮುಳುಗುತ್ತದೆ, ನಾಲ್ಕಕ್ಕೇ ಹೊಲ ಸೇರಿಕೊ. ಗೋಣಿಚೀಲ ಪಂಪ್‌ಹೌಸಿನ ಗೋಡೆಗೆ ನೇತುಹಾಕಿರುತ್ತೇನೆ. ಬೆಳಿಗ್ಗೆ ಕಾಫಿಗೆ ಮನೆಗೆ ಬನ್ನಿ. ಆರು ಗಂಟೆಗೆ ಜಗಲಿ ಮೇಲೆ ಕೂತಿರುತ್ತೇನೆ. ಹೊಲದ ಕಡೆಯಿಂದ ನಿನ್ನ ಗಾಡಿ ಸದ್ದು ಕೇಳಿದಮೇಲೆ ಹಾಲು ಕಾಯಿಸಲು ಹೇಳುತ್ತೇನೆ.